ಕರ್ತನೇ, ಇವರ ಕೈ ಹಿಡಿ

ಸೆಪ್ಟೆಂಬರ್ 24, 1978. ಭಾನುವಾರ

ಮದುವೆಗೆ ಮುಂಚೆ ದಿನಚರಿ ಬರೆಯುತ್ತಿದ್ದೆ. ಆಮೇಲೆ ಕ್ಲೈಡ್ ಬಂದ, ದಿನದ ಸುದ್ದಿಯನ್ನೆಲ್ಲ ಅವನ ಕಿವಿಗೆ ಸುರಿದರೆ ಸಾಕಾಗುತ್ತಿತ್ತು. ಮಾರ್ಚಿನಲ್ಲಿ ಅವನು ತೀರಿಕೊಂಡ. ಆರು ತಿಂಗಳಿಂದ ಮಾತೆಲ್ಲ ಹೊಟ್ಟೆಯಲ್ಲೇ ಉಳಿದಿದೆ. ಇವತ್ತು ಈ ಪುಸ್ತಕ ಕೈಗೆ ಬಂತು, ಬರೆಯೋಣ ಅನ್ನಿಸಿತು.

ಕೊಟ್ಟವರು ಬೊನಿಫಾಸ್ ಎಂಬುವರು. ಲುವೇಂಬ ದೇಶದವರು. ವಿಶ್ವಸಂಸ್ಥೆಯ ಹತ್ತಿರ ಅವರ ಕಚೇರಿಯಂತೆ. ಆರಾಧನೆ ಮುಗಿದ ಮೇಲೆ ಚರ್ಚಿನ ಪದಾಧಿಕಾರಿಗಳಿಗೆಲ್ಲ ಒಂದೊಂದು ಹಂಚಿದರು. ಕಂದು ರಟ್ಟು, ಮೇಲೆ ಚಿನ್ನದ ಬಣ್ಣದಲ್ಲಿ ಅವರ ಅಧ್ಯಕ್ಷ ಮಾರ್ಷಲ್ ಕಿಸೋಲೆಯವರ ಮುಖ. ಗುರುವಾರ ಮಾರ್ಷಲ್ ನಮ್ಮ ಕಪ್ಪು ಜನರ ಈ ಹಾರ್ಲೆಮ್‌ಗೇ ಬರುತ್ತಾರೆ, ನಮ್ಮ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಾರೆ!

ಬಂದವರನ್ನು ಕೂರಿಸುವ ಅಷರ್‌ಗಳ ತಂಡಕ್ಕೆ ಹತ್ತೊಂಬತ್ತು ವರ್ಷದಿಂದ ನಾನೇ ಮುಖ್ಯಸ್ಥೆ. ಬೊನಿಫಾಸ್ ಅದನ್ನು ವಿಚಾರಿಸಿಕೊಂಡೇ ಬಂದಿದ್ದರು. "ಅಮ್ಮಾ, ಯಾರು ಎಲ್ಲಿ ನಿಲ್ಲಬೇಕು ಅನ್ನೋದು ನಿಮಗೇ ಬಿಟ್ಟಿದ್ದು. ಈ ಚರ್ಚಲ್ಲಿ ಯಾರ್ಯಾರು ಎಲ್ಲಿ ಕೂರ್ತಾರೆ ಅಂತ ನಿಮಗೆ ಕಣ್ಣು ಮುಚ್ಚಿದ್ರೂ ಗೊತ್ತಂತೆ" ಎಂದರು. ನಿಜ, ಗೊತ್ತು. ಪಾಸ್ಟರ್ ಕೂಡ ಈವರೆಗೆ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೆ. ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ ಕೆಜಿಯಾ ನೀರಿಗೆ ಬಂದವಳು ಅದನ್ನು ನೋಡಿದಳು. ಅವಳೂ ಲುವೇಂಬದವಳೇ, ಇಲ್ಲಿ ನರ್ಸಿಂಗ್ ಓದುತ್ತಾಳೆ. ಪುಸ್ತಕವನ್ನು ಮಗುಚಿ, ಮುಖ ಕೆಳಗೆ ಮಾಡಿ ಹೋದಳು. ನಾನು ತಿರುಗಿ ಸರಿಯಾಗಿ ಇಟ್ಟೆ.

ಸೆಪ್ಟೆಂಬರ್ 28, ಗುರುವಾರ

ಹ್ಯಾಟನ್ನೂ ತೆಗೆಯದೆ ಬರೆಯಲು ಕೂತಿದ್ದೇನೆ, ಅಷ್ಟು ಸಂತೋಷ.

ನಾನು ಹುಟ್ಟಿದ್ದು ಸೌತ್ ಕೆರೊಲಿನಾದ ಆರೆಂಜ್‌ಬರ್ಗ್‌ನಲ್ಲಿ. ಎದುರಿಗೆ ಬಿಳಿಯರು ಬಂದರೆ ಅಮ್ಮ ನನ್ನ ಕೈ ಎಳೆದುಕೊಂಡು ಕಾಲುದಾರಿಯಿಂದ ಕೆಸರಿಗೆ ಇಳಿಯುತ್ತಿದ್ದಳು. ಇವತ್ತು ಒಂದು ದೇಶದ ಅಧ್ಯಕ್ಷರು, ನನಗಿಂತ ಕಪ್ಪಗಿರುವವರು, ಕಾರಿನಿಂದ ಇಳಿದು ನೆಟ್ಟಗೆ ನನ್ನ ಹತ್ತಿರ ಬಂದು, ಬಾಗಿ, ನನ್ನ ಬಿಳಿ ಕೈಗವಸಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. "ನಿಮ್ಮ ತಾಯಿ ಇದನ್ನ ನೋಡಬೇಕಿತ್ತು" ಎಂದರು. ಅವರಿಗೆ ನನ್ನ ಅಮ್ಮನ ವಿಷಯ ಹೇಗೆ ಗೊತ್ತು? ಅಲ್ಲೇ ಅತ್ತುಬಿಟ್ಟೆ. ಆ ಕೈಗವಸನ್ನು ಒಗೆಯುವುದಿಲ್ಲ.

ಮಾತಾಡಿದ್ದು ಐದೇ ನಿಮಿಷ. ಬೀದಿಗೆ ಬೀದಿಯೇ ಕೂಗಿತು.

ಎದುರು ರಸ್ತೆಯಲ್ಲಿ ಹದಿನೈದು ಇಪ್ಪತ್ತು ಜನ ವಿರೋಧಿಗಳು. ತಲೆಗೆ ಅಂಗಡಿಯ ಕಾಗದದ ಚೀಲ ಹಾಕಿಕೊಂಡು, ಕಣ್ಣಿಗೆ ಎರಡು ತೂತು ಮಾಡಿಕೊಂಡಿದ್ದರು. ಕೈಯಲ್ಲಿ ಯಾರ್ಯಾರದೋ ಫೋಟೋಗಳು. ಅಷ್ಟು ಧೈರ್ಯವಾಗಿ ಮಾತಾಡಲು ಬಂದವರು ಮುಖ ತೋರಿಸಲು ಯಾಕೆ ನಾಚಬೇಕು?

ಪಕ್ಕದಲ್ಲಿ ನಿಂತಿದ್ದ ಟಾಲಿವರ್ ಅಜ್ಜಿಗೆ ಎಂಬತ್ತಮೂರು, ನಾಲಗೆಗೆ ಮಾತ್ರ ಇಪ್ಪತ್ತು. "ಅವನ ಟೋಪಿ ನೋಡೇ ವರ್ಡೆಲ್, ಅದರಲ್ಲಿ ಕೋಳಿ ಕಾವಿಗೆ ಕೂರಿಸಬಹುದು!" ಎಂದಳು. ಸುಮ್ಮನಿರಿ ಎಂದು ಕಣ್ಣು ಬಿಟ್ಟೆ.

ಸೆಪ್ಟೆಂಬರ್ 29, ಶುಕ್ರವಾರ

ಪೇಪರಿನಲ್ಲಿ ಮಾರ್ಷಲ್ ಬಗ್ಗೆ ಕೆಟ್ಟದಾಗಿ ಬರೆದಿದ್ದಾರೆ. ಸೆರೆಮನೆ, ಕಾಣೆಯಾದವರು, ಏನೇನೋ. ಕಪ್ಪು ಮನುಷ್ಯ ನೆಟ್ಟಗೆ ನಿಂತರೆ ಈ ಪೇಪರಿನವರಿಗೆ ಯಾವತ್ತು ಸಹಿಸಿತ್ತು?

ಸಂಜೆ ಕೆಜಿಯಾಳಿಗೆ ಹುರಿದ ಮೀನು, ಮೆಕ್ಕೆಜೋಳದ ರೊಟ್ಟಿ ಹಾಕಿಕೊಟ್ಟು ಕೇಳಿದೆ, ನಿನ್ನೆ ಯಾಕೆ ಬರಲಿಲ್ಲ ಎಂದು. ಅವಳು ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು. ಸೆಕೆ ಬೇರೆ! ನನಗೆ ನಗು ತಡೆಯಲಾಗಲಿಲ್ಲ.

"ಇದು ಹಾರ್ಲೆಮ್ ಕಣೇ ಹುಡುಗಿ. ನಮ್ಮ ಮನೇಲಿ ನಾವು ಮಾತಾಡೋಕೆ ಕಿಟಕಿ ಮುಚ್ಚಬೇಕಾ?"

"ಅಭ್ಯಾಸ ಅಮ್ಮ."

ಅವಳ ಅಪ್ಪ ಅಲ್ಲಿ ಶಾಲೆ ಮೇಷ್ಟ್ರು. ಒಂದು ದಿನ ಮೇಷ್ಟ್ರುಗಳ ಕೋಣೆಯಲ್ಲಿ ರೇಡಿಯೋ ಹಾಕಿತ್ತಂತೆ. ಮಾರ್ಷಲ್ ಭಾಷಣದ ನಡುವೆ ಏನೋ ತಪ್ಪು ಮಾತಾಡಿದರು, ಲೆಕ್ಕದ ಮೇಷ್ಟ್ರು ನಕ್ಕರು. ಮಾರನೆಯ ದಿನ ಅವರು ಶಾಲೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

"ನಕ್ಕಿದ್ದಕ್ಕಾ?"

"ನಕ್ಕಿದ್ದಕ್ಕೇ."

ಮನೆ ಬಿಟ್ಟು ದೂರ ಬಂದ ಮಕ್ಕಳಿಗೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ತುಂಡು ಮೀನು ಹಾಕಿದೆ.

ನವೆಂಬರ್ 12, ಭಾನುವಾರ

ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಕ್ಲೈಡ್ ಹೋದ ಮೇಲೆ ಇದೇ ಮೊದಲು.

ನ್ಯೂವಾರ್ಕ್‌ನಿಂದ ಬಂದ ಯಾರೋ ಎಳೆ ಬೋಧಕ. ನಮ್ಮನ್ನು ನೋಹನ ನಾವೆಗೆ ಹತ್ತಿಸಿದವನು ಇಳಿಸಲೇ ಇಲ್ಲ. ಅರ್ಧ ಗಂಟೆಯಾದ ಮೇಲೆ ಟಾಲಿವರ್ ಅಜ್ಜಿ ಎಡಗಡೆ ಮೂರನೇ ಸಾಲಿನಿಂದ ಎಂದಿನಂತೆ ರಾಗ ತೆಗೆದಳು: "ಕರ್ತನೇ, ಇವರ ಕೈ ಹಿಡಿ!" ಹಿಂದಿನಿಂದ ಇನ್ನೊಬ್ಬರು, "ಹೂಂ, ಕೈ ಹಿಡಿಯಪ್ಪಾ!" ಪಾಪ, ಅವನು ಆಶೀರ್ವಾದ ಎಂದುಕೊಂಡು ಇನ್ನೂ ಹುರುಪಿನಿಂದ ಶುರು ಮಾಡಿದ.

ಅಜ್ಜಿಯ ಪಕ್ಕ ಕೂತಿದ್ದ ಕೆಜಿಯಾ ಆಮೇಲೆ ಕೇಳಿದಳು, "ಬೋಧಕರಿಗಾಗಿ ಪ್ರಾರ್ಥನೆ ಮಾಡಿದ್ರಾ?"

"ಪ್ರಾರ್ಥನೆನೇ ಮಗಳೇ" ಎಂದಳು ಅಜ್ಜಿ. "ಅವನು ಮುಳುಗ್ತಾ ಇದಾನೆ, ನಾವೂ ಜೊತೇಲಿ ಮುಳುಗ್ತಾ ಇದೀವಿ, ಯಾರಾದ್ರೂ ಬಂದು ಎತ್ತಿಕೊಂಡು ಹೋಗಿ ಅಂತ. ಚೆನ್ನಾಗಿ ಬೋಧಿಸೋನಿಗೆ ಈ ಮಾತು ನಾವು ಹೇಳೋದೇ ಇಲ್ಲ."

ಕೆಜಿಯಾ ಮೊದಲು ಅಜ್ಜಿಯ ಮುಖ ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಮುಖದ ಎದುರಿಗೇ ಹೇಳ್ತೀರಾ? ಅವರಿಗೆ ಗೊತ್ತಾಗೋದೇ ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿದಳು. ಮನೆಗೆ ಬರುವ ದಾರಿಯುದ್ದಕ್ಕೂ ಅದೇ ರಾಗದಲ್ಲಿ ಹಾಡಿಕೊಂಡು ಬಂದಳು. ಅವಳಿಗೆ ಇಷ್ಟು ದೊಡ್ಡ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ 4, 1979

ಬೊನಿಫಾಸ್ ಬಂದಿದ್ದರು. ಸಿಹಿಗೆಣಸಿನ ಪೈ ಎರಡು ತುಂಡು ತಿಂದರು. ಹಿಮದಲ್ಲಿ ಇಷ್ಟು ದೂರ ಬಂದು ವಿಧವೆಯೊಬ್ಬಳ ಯೋಗಕ್ಷೇಮ ವಿಚಾರಿಸುವವರು ಯಾರಿದ್ದಾರೆ? ನಮ್ಮ ಚರ್ಚಿಗೆ ಲುವೇಂಬದ ಮಕ್ಕಳು ಎಷ್ಟು ಜನ ಬರುತ್ತಾರೆ, ಯಾವ ಸಾಲಿನಲ್ಲಿ ಕೂರುತ್ತಾರೆ ಎಂದು ಕೇಳಿದರು. ಮಾರ್ಷಲ್‌ಗೆ ಅವರ ಮೇಲೆ ಬಹಳ ಅಕ್ಕರೆಯಂತೆ. ಏಳು ಜನರ ಹೆಸರು ಹೇಳಿದೆ. ಒಂದೂ ಮರೆಯಲಿಲ್ಲ.

ಅವರು ಇರುವಷ್ಟು ಹೊತ್ತೂ ಕೆಜಿಯಾ ಕೆಳಗೆ ಇಳಿಯಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಎರಡು ಸಲ ಕರೆದೆ. ನನಗೆ ಮುಜುಗರವಾಯಿತು.

ಏಪ್ರಿಲ್ 22, ಭಾನುವಾರ

ಮಾರ್ಷಲ್ ಎರಡನೇ ಸಲ ಬಂದರು, ಈ ಸಲ ಚರ್ಚಿನ ಒಳಗೇ. ಪಾಸ್ಟರ್ ಅವರಿಗೆ ಪ್ರಸಂಗಪೀಠ ಬಿಟ್ಟುಕೊಟ್ಟರು. ಲುವೇಂಬದ ಮಕ್ಕಳೆಲ್ಲ ಹಾಜರಿರಬೇಕು ಎಂದು ಅವರ ಕಚೇರಿಯಿಂದ ಕಾಗದ ಹೋಗಿತ್ತಂತೆ, ಕೆಜಿಯಾಳೂ ಬಂದಿದ್ದಳು.

ಬೀದಿಯಲ್ಲಿ ಐದು ನಿಮಿಷ ಮಾತಾಡಿದವರು ಇವತ್ತು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಅಣೆಕಟ್ಟು, ಸಿಮೆಂಟು, ಮತ್ತೆ ಅಣೆಕಟ್ಟು. ಹೆಂಗಸರ ಬೀಸಣಿಗೆಗಳು ಜೋರಾದವು. ಹಿಂದಿನ ಸಾಲಿನಲ್ಲಿ ಗೊರಕೆ. ಟಾಲಿವರ್ ಅಜ್ಜಿಗೆ ಗಂಟಲು ಕಟ್ಟಿತ್ತು. "ಕರ್ತನೇ..." ಎಂದು ಶುರು ಮಾಡಿ ಕೆಮ್ಮಿದಳು. ಆಗ ಅವಳ ಪಕ್ಕದಿಂದ ಆ ಗಂಟೆಯಂಥ ದನಿ ಎದ್ದಿತು:

"ಕರ್ತನೇ, ಇವರ ಕೈ ಹಿಡಿ!"

ಕೆಜಿಯಾ! ಇಡೀ ಚರ್ಚಿನಲ್ಲಿ ಬೀಸಣಿಗೆಗಳು ಮುಖಕ್ಕೆ ಹೋದವು, ಹಿಂದೆ ಭುಜಗಳು ಕುಲುಕಾಡಿದವು. "ಕೈ ಹಿಡಿಯಪ್ಪಾ!" ಎಂದು ನಾಲ್ಕೂ ಕಡೆಯಿಂದ ಬಂತು. ಮಾರ್ಷಲ್ ಎದೆಯ ಮೇಲೆ ಕೈ ಇಟ್ಟು, ಕಣ್ಣು ಒದ್ದೆ ಮಾಡಿಕೊಂಡು, ತಲೆ ಬಾಗಿದರು. ನಾನು ಒಳತುಟಿ ಕಚ್ಚಿ ನಿಂತಿದ್ದೆ. ಅಷರ್ ನಗಬಾರದು.

ಮನೆಗೆ ಬಂದ ಮೇಲೆ ಕೆಜಿಯಾ ಮುಖ ಅರಳಿತ್ತು. "ಜೀವಮಾನದಲ್ಲಿ ಒಂದು ಸಲ ಅವರ ಎದುರಿಗೆ ನಿಂತು ನಕ್ಕೆ ಅಮ್ಮ. ಅವರಿಗೆ ಗೊತ್ತೂ ಆಗಲಿಲ್ಲ!" ಎಂದು ನನ್ನನ್ನು ತಬ್ಬಿಕೊಂಡಳು. ಕಿಟಕಿ ತೆರೆದೇ ಇತ್ತು.

ಏಪ್ರಿಲ್ 25, ಬುಧವಾರ

ಬೊನಿಫಾಸ್ ಬಂದಿದ್ದರು, ಒಂದು ಬಣ್ಣದ ಬಟ್ಟೆಯ ತಾನು ತಂದು. ಹಾರ್ಲೆಮ್ ಜನ ಮಾರ್ಷಲ್‌ಗಾಗಿ ಪ್ರಾರ್ಥಿಸಿದರು ಎಂದು ಅವರ ದೇಶದ ರೇಡಿಯೋದಲ್ಲಿ ಮೂರು ದಿನದಿಂದ ಅದನ್ನೇ ಹಾಕುತ್ತಿದ್ದಾರಂತೆ. "ಎಂಥ ಪ್ರಾರ್ಥನೆ ಅಮ್ಮಾ! ಎಲ್ಲರೂ ಒಟ್ಟಿಗೆ! ಬೈಬಲ್ಲಿನದಾ ಅದು?" ಎಂದು ಕೇಳಿದರು.

ನನಗೆ ಮೊನ್ನೆಯಿಂದ ಕಟ್ಟಿಕೊಂಡಿದ್ದ ನಗು ಉಕ್ಕಿತು. ಅಷ್ಟು ಆತ್ಮೀಯರಾಗಿದ್ದಾರಲ್ಲ, ಹೇಳಿದರೆ ಅವರೂ ನಗುತ್ತಾರೆ ಎಂದುಕೊಂಡೆ. ಅದು ನಮ್ಮಲ್ಲಿ ಬೋಧಕ ಮುಳುಗಿದಾಗ ಹೇಳುವ ಮಾತು, ಪೀಠದ ಮೇಲಿನವರು ಅದನ್ನು ಹೊಗಳಿಕೆ ಎಂದುಕೊಳ್ಳುವುದೇ ತಮಾಷೆ ಎಂದು ಬಿಡಿಸಿ ಹೇಳಿದೆ. ಅವರು ಮೊದಲು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಕ್ಕರು, ಜೋರಾಗಿಯೇ ನಕ್ಕರು.

"ಮೊದಲು ಕೂಗಿದ ಆ ಚೆಂದದ ದನಿ ಯಾರದ್ದು?"

"ನಮ್ಮ ಕೆಜಿಯಾದು! ನಿಮ್ಮೂರಿನ ಹುಡುಗಿ, ನಮ್ಮಿಂದ ಎಷ್ಟು ಚೆನ್ನಾಗಿ ಕಲಿತಿದ್ದಾಳೆ ನೋಡಿ."

ಹೆಸರಿನ ಕಾಗುಣಿತ ಕೇಳಿದರು. ಯೋಬನ ಮಗಳ ಹೆಸರು ಎಂದು ಬೈಬಲ್ ತೆಗೆದು ತೋರಿಸಿದೆ. ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಅಪ್ಪ ಏನು ಮಾಡುತ್ತಾರೆ ಎಂದರು, ಮೇಷ್ಟ್ರು ಎಂದೆ. ಈ ಸಲ ಪೈ ಮುಟ್ಟಲಿಲ್ಲ, ಹೊಟ್ಟೆ ಸರಿಯಿಲ್ಲವಂತೆ.

ಮೇ 20, ಭಾನುವಾರ

ಕೆಜಿಯಾಳ ಅಪ್ಪನನ್ನು ಹಿಡಿದುಕೊಂಡು ಹೋಗಿದ್ದಾರೆ. ಊರಿನಿಂದ ಅವಳ ತಮ್ಮ ಫೋನು ಮಾಡಿದ್ದ. ಒಂಬತ್ತು ದಿನವಾಯಿತಂತೆ, ಎಲ್ಲಿಟ್ಟಿದ್ದಾರೆ ಎಂದು ಹೇಳುತ್ತಿಲ್ಲ.

ಅವಳು ಏನೂ ತಿನ್ನುತ್ತಿಲ್ಲ.

ಮೇ 23

ಇವತ್ತು ಬರೆಯಬಾರದು ಅಂದುಕೊಂಡಿದ್ದೆ.

ಬೆಳಗ್ಗೆ ಕೆಜಿಯಾ ಅಡುಗೆಮನೆಗೆ ಬಂದು ನಿಂತಳು. ಅಪ್ಪನನ್ನು ಕರೆದೊಯ್ದವರು ಮನೆಯವರ ಎದುರಿಗೇ ಅಪ್ಪನಿಗೆ ಹೇಳಿದರಂತೆ: ನಿನ್ನ ಮಗಳು ಹಾರ್ಲೆಮ್‌ನಲ್ಲಿ ದೇವರನ್ನು ಕರೆದಳಲ್ಲ, ಈಗ ನೀನೂ ಕರೆ, ಯಾರು ಕೈ ಹಿಡಿಯುತ್ತಾರೆ ನೋಡೋಣ.

"ಅಮ್ಮ, ಆ ಮಾತಿನ ಅರ್ಥ ಅವರಿಗೆ ಗೊತ್ತು. ಮಾರ್ಷಲ್‌ಗೆ ಅವತ್ತು ಗೊತ್ತಿರಲಿಲ್ಲ. ಯಾರು ಹೇಳಿದ್ರು?"

ಬಾಣಲೆಯಲ್ಲಿ ಮೊಟ್ಟೆ ಸೀಯುತ್ತಿತ್ತು. ಅದನ್ನು ಇಳಿಸಿದೆ.

"ಅಷ್ಟು ದೊಡ್ಡ ಚರ್ಚು ಕಣೇ, ಎಷ್ಟೊಂದು ಬಾಯಿ" ಎಂದೆ.

ಸುಳ್ಳೇನಲ್ಲ. ಅಷ್ಟು ದೊಡ್ಡ ಚರ್ಚು, ಎಷ್ಟೊಂದು ಬಾಯಿ. ಬೊನಿಫಾಸ್ ಅಂಥವರಲ್ಲ. ಎರಡು ತುಂಡು ಪೈ ತಿಂದ ಮನುಷ್ಯ. ಅವರನ್ನೇ ಕೇಳಿ ಸಹಾಯ ಮಾಡಿಸುತ್ತೇನೆ.

ಜೂನ್ 17, ಭಾನುವಾರ

ನಾನು ಅಂದುಕೊಂಡದ್ದೇ ಸರಿ. ಬೊನಿಫಾಸ್ ಮೇಲಿನವರ ಹತ್ತಿರ ಮಾತಾಡಿದ್ದಾರೆ. ಎಲ್ಲ ತಪ್ಪು ತಿಳಿವಳಿಕೆಯಂತೆ. ಕೆಜಿಯಾ ಹೋಗಿ ಮಾರ್ಷಲ್ ಎದುರು ನಿಂತು ಕ್ಷಮೆ ಕೇಳಿದರೆ ಅಪ್ಪನನ್ನು ಅಂದೇ ಬಿಡುತ್ತಾರೆ. ವಿಮಾನದ ಟಿಕೆಟ್ಟು ಕಚೇರಿಯದೇ.

ಕೆಜಿಯಾ ಎರಡು ದಿನ ಗೋಡೆ ನೋಡುತ್ತ ಕೂತಿದ್ದಳು. "ನೀವೇನಂತೀರಮ್ಮ?" ಎಂದು ಕೇಳಿದಳು. ಹೋಗು ಎಂದೆ. ಕ್ಷಮೆ ಕೇಳಿ ಸಣ್ಣವರಾದವರು ಯಾರೂ ಇಲ್ಲ, ಆ ಮನುಷ್ಯ ನನ್ನ ಕೈ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದೆ.

ಟಾಲಿವರ್ ಅಜ್ಜಿ ಚರ್ಚಿನ ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಹುಡುಗೀನ ಕಳಿಸ್ತಿದ್ದೀಯಂತೆ. ಅವಳ ಬದಲು ನೀನೇ ಹೋಗಿ ನಿಲ್ತೀಯೇನೇ ವರ್ಡೆಲ್? ಹೇಗೂ ಅವನಿಗೆ ನಿನ್ನ ಕೈ ಗುರುತಿದೆಯಲ್ಲ!"

ಮುದುಕಿಗೆ ವಯಸ್ಸಾಯಿತು. ಕಿವಿಗೆ ಹಾಕಿಕೊಳ್ಳಲಿಲ್ಲ.

ಜೂನ್ 23, ಶನಿವಾರ

ವಿಮಾನ ನಿಲ್ದಾಣಕ್ಕೆ ಬೊನಿಫಾಸ್ ಅವರ ಕಾರಿನಲ್ಲೇ ಹೋದಳು. ಒಂದೇ ಪೆಟ್ಟಿಗೆ. ನರ್ಸಿಂಗ್ ಪುಸ್ತಕಗಳನ್ನು ಇಲ್ಲೇ ಬಿಟ್ಟಳು, ಆಗಸ್ಟಿನಲ್ಲಿ ಬಂದು ಓದಬೇಕಲ್ಲ ಎಂದು. ಬಾಗಿಲಲ್ಲಿ ನಿಂತು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ತಲುಪಿದ ಕೂಡಲೇ ಕಾಗದ ಬರೆಯುತ್ತೇನೆ ಎಂದಷ್ಟೇ ಹೇಳಿದಳು.

ಜುಲೈ 15

ಕಾಗದ ಬಂದಿಲ್ಲ. ಆ ಕಡೆಯ ಅಂಚೆ ನಿಧಾನ.

ಆಗಸ್ಟ್ 12

ಕಾಗದ ಇಲ್ಲ. ಅವಳ ತಮ್ಮನಿಗೆ ಫೋನು ಮಾಡಿದರೆ ಯಾರೋ ಬೇರೆಯವರು ಎತ್ತಿ ಇಟ್ಟುಬಿಟ್ಟರು. ನಮ್ಮ ಚರ್ಚಿಗೆ ಬರುತ್ತಿದ್ದ ಲುವೇಂಬದ ಇನ್ನುಳಿದ ಆರು ಮಕ್ಕಳೂ ಬರುವುದನ್ನು ನಿಲ್ಲಿಸಿದ್ದಾರೆ. ಬೇಸಿಗೆ ರಜೆಯಿರಬೇಕು.

ಅವಳ ಕೋಣೆಯ ಧೂಳು ಹೊಡೆದೆ.

ಸೆಪ್ಟೆಂಬರ್ 26, ಬುಧವಾರ

ಈ ಭಾನುವಾರ ಮಾರ್ಷಲ್ ಮೂರನೇ ಸಲ ಬರುತ್ತಾರೆ. ಬೊನಿಫಾಸ್ ಚರ್ಚಿಗೆ ಬಂದು ಸಾಲು ಸಾಲಾಗಿ ನೋಡಿದರು. ಎಡಗಡೆ ಮೂರನೇ ಸಾಲಿನಲ್ಲಿ ಅವರ ಕಡೆಯ ಒಬ್ಬರನ್ನು ಕೂರಿಸಬೇಕಂತೆ. "ಈ ಸಲ ಯಾರೂ ಪ್ರಾರ್ಥನೆ ಮಾಡೋದು ಬೇಡ ಅಮ್ಮಾ. ನೀವಿದ್ದೀರಲ್ಲ, ನೋಡ್ಕೊಳ್ತೀರಿ" ಎಂದರು.

ಕೇಳಲೇಬೇಕೆಂದು ಮೂರು ತಿಂಗಳಿಂದ ಇಟ್ಟುಕೊಂಡಿದ್ದನ್ನು ಕೇಳಿದೆ. "ಕೆಜಿಯಾ ಹೇಗಿದ್ದಾಳೆ? ಅವಳಪ್ಪ ಮನೆಗೆ ಬಂದ್ರಾ?"

ಬೊನಿಫಾಸ್ ಚಿಕ್ಕ ಪುಸ್ತಕ ಜೇಬಿಗೆ ಹಾಕಿಕೊಂಡರು. ನಗುತ್ತಲೇ ಇದ್ದರು.

"ಯಾವ ಕೆಜಿಯಾ ಅಮ್ಮಾ?"

ಅವರಿಗೆ ನೂರೆಂಟು ಕೆಲಸ. ಮರೆತಿರಬೇಕು.

ಸೆಪ್ಟೆಂಬರ್ 30, ಭಾನುವಾರ

ಒಗೆಯದ ಆ ಕೈಗವಸನ್ನು ಹಾಕಿಕೊಳ್ಳಬೇಕು ಎಂದುಕೊಂಡಿದ್ದೆ. ಪೆಟ್ಟಿಗೆಯಲ್ಲೇ ಹಳದಿಯಾಗಿತ್ತು. ಹೊಸದನ್ನು ಹಾಕಿಕೊಂಡೆ.

ಎಡಗಡೆ ಮೂರನೇ ಸಾಲಿನಲ್ಲಿ ಟಾಲಿವರ್ ಅಜ್ಜಿ ತನ್ನ ಪಕ್ಕದ ಜಾಗದಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಜೂನ್‌ನಿಂದ ಪ್ರತಿ ಭಾನುವಾರವೂ ಹಾಗೇ ಇಡುತ್ತಾಳೆ. ಬೊನಿಫಾಸ್ ಕಡೆಯ ಮನುಷ್ಯನನ್ನು ಕರೆದುಕೊಂಡು ಹೋಗಿ ಚೀಲ ತೆಗೆಯಿರಿ ಎಂದು ಸನ್ನೆ ಮಾಡಿದೆ. ಅಜ್ಜಿ ತೆಗೆಯಲಿಲ್ಲ. ನಾನೇ ಎತ್ತಿ ಅವಳ ತೊಡೆಯ ಮೇಲಿಟ್ಟೆ. ಅವಳು ನನ್ನ ಮುಖ ನೋಡಲಿಲ್ಲ, ಕೈಗವಸು ನೋಡಿದಳು.

ಮಾರ್ಷಲ್ ಮಾತಾಡಿದರು. ಅಣೆಕಟ್ಟು ಮುಗಿದಿದೆಯಂತೆ. ಮುಕ್ಕಾಲು ಗಂಟೆ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅಜ್ಜಿ ಎದ್ದು ನಿಂತಳು. ಮುಂದಿನ ಬೆಂಚನ್ನು ಹಿಡಿದುಕೊಂಡಿದ್ದಳು. ದನಿ ನಡುಗುತ್ತಿರಲಿಲ್ಲ.

"ಕರ್ತನೇ..."

ಪಕ್ಕದ ಮನುಷ್ಯ ತಲೆ ಎತ್ತಿದ. ಬಾಗಿಲ ಹತ್ತಿರ ಬೊನಿಫಾಸ್ ನನ್ನನ್ನು ನೋಡಿದರು. ನನ್ನ ಎಡಗೈ ಬೆನ್ನ ಹಿಂದೆ ಇತ್ತು, ಬಲಗೈ ಮೇಲೆದ್ದಿತು. ಅಂಗೈ ಮುಂದಕ್ಕೆ. ಅಲ್ಲೇ ನಿಲ್ಲಿ ಎಂದು ನಮ್ಮ ಅಷರ್‌ಗಳ ಸನ್ನೆ, ಎಲ್ಲರಿಗೂ ಗೊತ್ತು. ಅಜ್ಜಿ ಮಾತು ಅರ್ಧಕ್ಕೇ ನಿಲ್ಲಿಸಿದಳು. ನನ್ನನ್ನೇ ನೋಡುತ್ತ ಮೆಲ್ಲಗೆ ಕೂತಳು. ಅವಳ ಒಳ್ಳೆಯದಕ್ಕೇ ಮಾಡಿದ್ದು. ಬೊನಿಫಾಸ್ ತಲೆ ಆಡಿಸಿದರು, ನಾನೂ ಆಡಿಸಿದೆ.

ಹೋಗುವಾಗ ಮಾರ್ಷಲ್ ಬಾಗಿಲಲ್ಲಿ ಮತ್ತೆ ನನ್ನ ಕೈ ಹಿಡಿದರು. "ನಿಮ್ಮ ತಾಯಿ ಇದನ್ನ ನೋಡಬೇಕಿತ್ತು" ಎಂದರು. ನನ್ನ ಹಿಂದೆ ನಿಂತಿದ್ದ ಅಷರ್ ಕೈಯನ್ನೂ ಹಿಡಿದರು. ಅವಳಿಗೂ ಅದನ್ನೇ ಹೇಳಿದರು.

ಮನೆಗೆ ಬಂದು ಅಡುಗೆಮನೆಯಲ್ಲಿ ಕೂತೆ. ಮಧ್ಯಾಹ್ನದ ಬಿಸಿಲು, ಸೆಕೆ. ಕೆಳಗೆ ಬೀದಿಯಲ್ಲಿ ಮಕ್ಕಳು ಹಗ್ಗ ಜಿಗಿಯುತ್ತಿದ್ದರು. ಕೆಜಿಯಾ ಎಲ್ಲೇ ಇರಲಿ, ಅವಳಿಗಾಗಿ ಪ್ರಾರ್ಥಿಸಬೇಕು ಅನ್ನಿಸಿತು. ಎದೆ ಒಡೆಯುವಷ್ಟು ಅನ್ನಿಸಿತು. ಬಾಯಿಗೆ ಬಂದದ್ದು ಅದೊಂದೇ ಮಾತು: ಕರ್ತನೇ, ಇವಳ ಕೈ ಹಿಡಿ. ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ.

ಹೇಳುವುದಕ್ಕೆ ಮುಂಚೆ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ.